ಹಲಗೆ ನಿಂತಿದೆ

ನಮ್ಮ ಊರಿನ ಶಾಲೆಗಳಲ್ಲಿ ಕರಿಹಲಗೆಯ ಮೇಲೆ ಬರೆದದ್ದು ಕೋಣೆಯಲ್ಲಿರುವ ಕೊನೆಯ ಮಗುವಿಗೂ ಅರ್ಥವಾಗುವ ತನಕ ಅಳಿಯುವುದಿಲ್ಲ. ಡಸ್ಟರ್ ಸವೆಯುತ್ತದೆ, ಮೇಷ್ಟ್ರ ರಟ್ಟೆ ನೋಯುತ್ತದೆ, ಬರೆದದ್ದು ಬರೆದ ಹಾಗೇ ಇರುತ್ತದೆ. ಎಲ್ಲರಿಗೂ ಅರ್ಥವಾಯಿತೋ, ಅಂಗಿಯ ತೋಳಿನಿಂದ ಸವರಿದರೂ ಹೋಗಿಬಿಡುತ್ತದೆ. ಬೇರೆ ಊರುಗಳಲ್ಲಿ ಹಾಗಲ್ಲವಂತೆ. ಅಲ್ಲಿ ಬೆಲ್ ಹೊಡೆದ ಕೂಡಲೇ ಅಳಿಸಿ ಮುಂದಿನ ಪಾಠಕ್ಕೆ ಹೋಗುತ್ತಾರಂತೆ. ಅಲ್ಲಿಂದ ವರ್ಗವಾಗಿ ಬಂದವರು ಮೊದಮೊದಲು ಹಲಗೆಗೆ ಸೋಡಾಪುಡಿ ಹಾಕಿ ತಿಕ್ಕುವುದನ್ನು ನಾನೇ ನೋಡಿದ್ದೇನೆ. ಆಮೇಲೆ ಅವರೂ ನಮ್ಮ ಹಾಗೆ ಸೀಮೆಸುಣ್ಣ ಕೆಳಗಿಟ್ಟು, ಒಂದು ಲೋಟ ನೀರು ಕುಡಿದು, ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳಲು ಶುರುಮಾಡುತ್ತಾರೆ.

ಹಲಗೆ ಅಳಿಯದಿದ್ದರೆ ನಾವು ‘ಹಲಗೆ ನಿಂತಿದೆ’ ಅನ್ನುತ್ತೇವೆ. ಸಂಜೆ ಮಕ್ಕಳು ಮನೆಗೆ ಬಂದರೆ ತಾಯಂದಿರು ಚೀಲ ಇಳಿಸಿಕೊಳ್ಳುತ್ತಾ ಕೇಳುವ ಮೊದಲ ಮಾತೇ ಅದು: ‘ಇವತ್ತು ಹಲಗೆ ನಿಂತಿತ್ತಾ?’ ಯಾರಿಂದ ನಿಂತಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹಲಗೆ ಅದನ್ನು ತೋರಿಸುವುದೂ ಇಲ್ಲ. ಹಾಗೆ ಕೇಳುವುದು, ಊಟಕ್ಕೆ ಬಂದವರನ್ನು ಎಷ್ಟು ಮುದ್ದೆ ತಿಂದಿರಿ ಎಂದು ಕೇಳಿದಷ್ಟೇ ಅವಮರ್ಯಾದೆ. ಹಲಗೆ ನಿಂತಾಗ ಮಕ್ಕಳು ತಂತಾವೇ ಪಕ್ಕದವರ ಕಡೆ ತಿರುಗಿ, ಗೊತ್ತಿದ್ದವರು ಗೊತ್ತಿಲ್ಲದವರಿಗೆ, ಗೊತ್ತಿಲ್ಲದವರು ಗೊತ್ತಿದ್ದವರ ಹಾಗೆ ಇನ್ನೊಬ್ಬರಿಗೆ, ಪಿಸುಗುಟ್ಟಲು ತೊಡಗುತ್ತಾರೆ. ಆ ಗುಜುಗುಜು ಕೇಳಿಸಿದರೆ ಬೀದಿಯಲ್ಲಿ ಹೋಗುವವರಿಗೂ ಒಳಗೆ ಏನಾಗಿದೆ ಎಂದು ಗೊತ್ತಾಗುತ್ತದೆ.

ನಾನು ಕೆರೆದಂಡೆಯ ಶಾಲೆಯಲ್ಲಿ ಏಳನೇ ತರಗತಿಗೆ ಲೆಕ್ಕ ಹೇಳುವ ತಿಪ್ಪೇಶಿ ಮೇಷ್ಟ್ರು. ಮುಂಗೋಪಿ ಎಂದು ಮಕ್ಕಳು ಅನ್ನುತ್ತಾರೆ, ಸುಳ್ಳಲ್ಲ. ಒಂದೇ ಭಿನ್ನರಾಶಿಯನ್ನು ಹುಣಸೆಬೀಜದಲ್ಲಿ ಒಮ್ಮೆ, ರೊಟ್ಟಿಯಲ್ಲಿ ಒಮ್ಮೆ, ಹಗ್ಗದಲ್ಲಿ ಒಮ್ಮೆ ಹೇಳಿ, ಆದರೂ ಹಲಗೆ ಒಣಜಂಬದಿಂದ ನಿಂತೇ ಇದ್ದರೆ ಯಾವ ದೇವರಂಥ ಮನುಷ್ಯನಿಗೂ ಸಿಟ್ಟು ಬರುತ್ತದೆ. ಪಾಠಗಳು ವರ್ಷದ ಕೊನೆಗೆ ಮುಗಿಯುತ್ತಲೇ ಇರಲಿಲ್ಲ. ಹೆಡ್‌ಮಾಸ್ಟರ್ ರುದ್ರಮುನಿಯವರು ಬಾಗಿಲಲ್ಲಿ ನಿಂತು, ಎಂದೂ ಹೊಸ್ತಿಲು ದಾಟದೆ, ‘ಎಲ್ಲಿಗೆ ಬಂತು ಮೇಷ್ಟ್ರೆ?’ ಎಂದು ಕೇಳಿ ಹೋಗುತ್ತಿದ್ದರು. ಪಾಠದ ನಡುವೆ ಒಳಗೆ ಬರಬಾರದೆಂಬ ಸೌಜನ್ಯ ಅವರದು ಎಂದು ನಾವೆಲ್ಲ ತಿಳಿದಿದ್ದೆವು.

ಮೊದಲು ಸ್ಕ್ರೀನ್ ಬಂದದ್ದು ಕೋಟೆ ಶಾಲೆಗೆ. ಬಾಗಿಲಷ್ಟು ದೊಡ್ಡದು, ಮುಟ್ಟಿದರೆ ಚಿತ್ರ ಓಡುತ್ತದೆ, ಮತ್ತೆ ಮುಟ್ಟಿದರೆ ನಿಲ್ಲುತ್ತದೆ, ತಾನೇ ಪಾಠ ಹೇಳುತ್ತದೆ. ಆ ವರ್ಷ ಕೋಟೆ ಶಾಲೆಯವರು ದಸರಾ ರಜೆಗೆ ಮುಂಚೆಯೇ ಅರ್ಧ ಪುಸ್ತಕ ಮುಗಿಸಿದರು. ಅವರ ಹಲಗೆಗಳು ಸದಾ ಸ್ವಚ್ಛವಾಗಿರುತ್ತವೆ ಎಂಬ ಸುದ್ದಿ ಸಂತೆಯಲ್ಲೆಲ್ಲ ಹಬ್ಬಿತು. ಮರುವರ್ಷ ನಮ್ಮ ಶಾಲೆಗೂ ಸ್ಕ್ರೀನ್ ಬರುವುದೆಂದು ಗೊತ್ತಾದಾಗ ರುದ್ರಮುನಿಯವರು ನನ್ನನ್ನು ಕರೆದು, ‘ನೀವು ಹೋಗಿ ನೋಡ್ಕೊಂಡು ಬನ್ನಿ. ಆಮೇಲೆ ಅವರೂ ನಮ್ಮಲ್ಲಿಗೆ ಬರ್ತಾರೆ. ಒಬ್ಬರದ್ದು ನೋಡಿ ಒಬ್ಬರು ಕಲಿಯೋಣ ಅಂತ ಮಾತಾಗಿದೆ’ ಅಂದರು. ನಮ್ಮಲ್ಲಿ ಅವರು ಬಂದು ಕಲಿಯುವಂಥದ್ದು ಏನಿದೆ ಎಂದು ನಾನು ಕೇಳಿದೆ. ಅವರು ಮೇಜಿನ ಮೇಲಿನ ಗಾಜುಗುಂಡನ್ನು ಸ್ವಲ್ಪ ಹೊತ್ತು ತಿರುಗಿಸಿ, ‘ಏನಾದ್ರೂ ಇದ್ದೇ ಇರುತ್ತೆ’ ಅಂದರು.

ಕೋಟೆ ಶಾಲೆಯ ಏಳನೇ ತರಗತಿ ಜುಲೇಖಾ ಟೀಚರ್ ಅವರದು. ಕೆನ್ನೆಯಲ್ಲಿ ಸದಾ ಒಂದು ಏಲಕ್ಕಿ, ಚುರುಕು ಮಾತು, ಮಕ್ಕಳ ಹೆಸರನ್ನು ತಪ್ಪದೆ ಕರೆಯುವ ಹೆಂಗಸು. ಅವರು ನಿಜಕ್ಕೂ ಕನ್ನಡ ಟೀಚರ್. ಲೆಕ್ಕದ ಮೇಷ್ಟ್ರು ನಿವೃತ್ತರಾದ ಮೇಲೆ ಬೇರೆಯವರನ್ನು ಹಾಕಲಿಲ್ಲ. ‘ಪಾಠ ಸ್ಕ್ರೀನೇ ಹೇಳುತ್ತಲ್ಲ ಟೀಚರ್, ನೀವು ರಿಮೋಟ್ ಹಿಡ್ಕೊಂಡ್ರೆ ಸಾಕು ಅಂದ್ರು’ ಎಂದು ನಗುತ್ತಾ ಹೇಳಿದರು. ನನ್ನ ಕೈಗೆ ರಿಮೋಟ್ ಕೊಟ್ಟಾಗ ನಾನು ಅದನ್ನು ಹಿಡಿದ ಪರಿ ನೋಡಿ, ‘ಹೆದರ್ಬೇಡಿ ಮೇಷ್ಟ್ರೆ, ಕಚ್ಚಲ್ಲ’ ಅಂದರು. ಎಷ್ಟು ಸಲ ತಪ್ಪಿದರೂ ಬೇಸರಿಸದೆ ತೋರಿಸಿಕೊಟ್ಟರು. ನಾನು ನನ್ನ ಮಕ್ಕಳಿಗೆ ಅಷ್ಟು ತಾಳ್ಮೆಯಿಂದ ಎಂದೂ ಹೇಳಿಕೊಟ್ಟವನಲ್ಲ.

ಅವರ ಪಾಠ ನೋಡಲು ಚೆಂದವಿತ್ತು. ಸ್ಕ್ರೀನಿನಲ್ಲಿ ದಶಮಾಂಶ ಓಡಿತು, ಬಣ್ಣ ಬಣ್ಣದ ಪಟ್ಟಿಗಳು ಒಡೆದು ಹತ್ತಾದವು, ಮತ್ತೆ ಒಂದಾದವು. ಕೊನೆಗೆ ಟೀಚರ್ ಪಕ್ಕದ ಕರಿಹಲಗೆಯ ಮೇಲೆ ಪಾಠದ ಒಂದು ಸಾಲು ಬರೆದು ಡಸ್ಟರ್ ಎಳೆದರು. ಒಂದೇ ಎಳೆತಕ್ಕೆ ಹೋಯಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವರ ಹಲಗೆಯ ಅರ್ಧಭಾಗವನ್ನು ಸ್ಕ್ರೀನ್ ಮುಚ್ಚಿತ್ತು, ಉಳಿದರ್ಧದಲ್ಲಿ ಮಾತ್ರ ಬರೆಯುತ್ತಿದ್ದರು. ಸ್ಕ್ರೀನಿನ ಕೆಳಗಿನ ಅಂಚಿನಿಂದ ಹಳೆಯ ಸೀಮೆಸುಣ್ಣದ ಒಂದೆರಡು ಗೆರೆ ಇಣುಕುತ್ತಿದ್ದವು. ಅದೇನೆಂದು ನಾನು ಕೇಳಲಿಲ್ಲ. ಹಲಗೆಯ ವಿಷಯದಲ್ಲಿ ನಮ್ಮ ಊರಿನವರು ಕೇಳುವುದಿಲ್ಲ.

ಹೊರಗೆ ಬಂದಾಗ ವರಾಂಡದಲ್ಲಿ ಉದ್ದನೆಯ ಬೆಂಚು ಕಂಡಿತು. ಐದಾರು ಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು, ತಲೆ ತಗ್ಗಿಸಿ ಕೂತಿದ್ದರು. ನಾನು ಹತ್ತಿರ ಹೋದರೂ ಒಬ್ಬರೂ ಮುಖ ಎತ್ತಲಿಲ್ಲ.

‘ಇವ್ರು?’

‘ಹೊರಬೆಂಚಿನವ್ರು’ ಅಂದರು ಟೀಚರ್. ‘ಅವರವರ ವೇಗಕ್ಕೆ ಅವರು ಕಲೀತಾರೆ. ಒಳಗಿನವರು ನಿಲ್ಲೋದು ಬೇಡ, ಹೊರಗಿನವರು ಓಡೋದು ಬೇಡ.’

‘ಯಾರನ್ನ ಹೊರಗೆ ಕೂರಿಸ್ಬೇಕು ಅಂತ ಹೇಗೆ ಗೊತ್ತಾಗುತ್ತೆ?’

ಅವರು ಏಲಕ್ಕಿಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ತಂದುಕೊಂಡು ಮೆಲ್ಲಗೆ ಹೇಳಿದರು. ‘ಹಲಗೆ ನಿಂತರೆ ಒಂದೊಂದೇ ಸಾಲು ಹೊರಗೆ ಕಳಿಸಿ ಅಳಿಸಿ ನೋಡೋದು. ಯಾವ ಸಾಲು ಹೋದಾಗ ಅಳಿಯುತ್ತೋ ಆ ಸಾಲಿನಲ್ಲಿ ಒಬ್ಬೊಬ್ಬರನ್ನ. ಕೋಣೆಯಲ್ಲಿ ಇದ್ದವರ ಲೆಕ್ಕ ಮಾತ್ರ ತಾನೇ ಹಲಗೆಗೆ?’

 ಇಷ್ಟು ವರ್ಷ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ ಎಂದಲ್ಲ, ಹೊಳೆದರೂ ಮಾಡುವ ಕೆಲಸವಾಗಿರಲಿಲ್ಲ. ಆದರೆ ಅವರ ಹಲಗೆ ಅಷ್ಟು ಸ್ವಚ್ಛವಾಗಿತ್ತು, ಪುಸ್ತಕ ಅಷ್ಟು ಮುಂದೆ ಹೋಗಿತ್ತು. ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸುತ್ತಾ ಬಂದೆ. ನೋಡಿದ್ದನ್ನೆಲ್ಲ ರುದ್ರಮುನಿಯವರಿಗೆ ಒಪ್ಪಿಸಿದಾಗ ಅವರ ಮುಖ ಅರಳಿತು. ಸ್ಕ್ರೀನ್ ಬರುವ ಮೊದಲೇ ಬೆಂಚು ಬಂತು.

ನಮ್ಮ ತರಗತಿಯಲ್ಲಿ ಮೊದಲ ಸಲ ಸಾಲು ಕಳಿಸಿದ ದಿನವನ್ನು ನಾನು ಮರೆಯಲಾರೆ. ದಶಮಾಂಶದ ಒಂದು ಲೆಕ್ಕ ನಿಂತಿತ್ತು. ‘ಮೊದಲ ಸಾಲಿನವರು ಹೊರಗೆ ಹೋಗಿ’ ಅಂದೆ. ಮಕ್ಕಳಿಗೆ ಅರ್ಥವೇ ಆಗಲಿಲ್ಲ, ಆಟವೆಂದು ನಗುತ್ತಾ ಹೋದರು. ಹಲಗೆ ನಿಂತೇ ಇತ್ತು. ಎರಡನೆಯ ಸಾಲು ಹೋಗುವಾಗ ನಗು ಕಡಿಮೆಯಾಗಿತ್ತು. ಮೂರನೆಯ ಸಾಲು ಎದ್ದಾಗ ಎಲ್ಲರಿಗೂ ತಿಳಿದುಹೋಗಿತ್ತು. ಆ ಸಾಲು ಹೊರಗೆ ನಿಂತಾಗ ಹಲಗೆ ಅಳಿಯಿತು. ಮತ್ತೆ ಬರೆದೆ, ಸಾಲನ್ನು ಒಳಗೆ ಕರೆದು ಒಬ್ಬೊಬ್ಬರನ್ನೇ ಕಳಿಸಿದೆ. ಹೊನ್ನಾಂಬಿಕೆ ಎಂಬ ಹುಡುಗಿ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಪುಟ್ಟತಾಯಮ್ಮನ ಮಗಳು, ನಾವೆಲ್ಲ ಹೊನ್ನಿ ಅನ್ನುತ್ತಿದ್ದವಳು, ಹೊಸ್ತಿಲು ದಾಟಿದ ಕೂಡಲೇ ನನ್ನ ಕೈಯಲ್ಲಿದ್ದ ಡಸ್ಟರ್ ಜಾರಿ ಆ ತುದಿಗೆ ಹೋಯಿತು. ಹಲಗೆ ಕರ್ರಗೆ ಹೊಳೆಯಿತು.  ಹೊರಗೆ ಹೊನ್ನಿ ಎರಡೂ ಕೈಯಿಂದ ಲಂಗದ ಅಂಚು ಹಿಡಿದು ನಿಂತು, ಹಲಗೆಯನ್ನೇ ನೋಡುತ್ತಿದ್ದಳು.

ಆಮೇಲೆ ಸ್ಕ್ರೀನೂ ಟ್ಯಾಬುಗಳೂ ಬಂದವು, ಪಾಠ ಓಡಿತು. ಸುಳ್ಳು ಹೇಳಲಾರೆ, ನನಗೆ ಅದು ಹಿತವಾಗಿಯೇ ಇತ್ತು. ಸ್ಕ್ರೀನ್ ಒಮ್ಮೆ ಹೇಳುತ್ತಿತ್ತು, ನಾನು ಒಮ್ಮೆ ಹೇಳುತ್ತಿದ್ದೆ, ಡಸ್ಟರ್ ಎಳೆದರೆ ಹಲಗೆ ಖಾಲಿ. ಹುಣಸೆಬೀಜದ ಡಬ್ಬಿಗೆ ಧೂಳು ಹಿಡಿಯಿತು. ಹಗ್ಗವನ್ನು ಆಯಾ ಬಟ್ಟೆ ಒಣಹಾಕಲು ತೆಗೆದುಕೊಂಡು ಹೋದಳು. ಆದರೆ ಸ್ವಲ್ಪ ದಿನದಲ್ಲಿ ಹಲಗೆ ಮತ್ತೆ ನಿಂತಿತು, ಇನ್ನೊಬ್ಬ ಹುಡುಗ ಹೊರಬೆಂಚಿಗೆ ಹೋದ. ಆಮೇಲೆ ಮತ್ತೊಬ್ಬಳು. ಇವರೆಲ್ಲ ಮೊದಲು ಚೆನ್ನಾಗಿಯೇ ಕಲಿಯುತ್ತಿದ್ದವರು. ಹೊನ್ನಿಗಾಗಿ ನಾನು ಎರಡನೆಯ ಸಲ, ಮೂರನೆಯ ಸಲ ಹೇಳುತ್ತಿದ್ದಾಗ ಇವರಿಗೂ ಆ ಎರಡನೆಯ ಸಲದಲ್ಲಿಯೇ ತಿಳಿಯುತ್ತಿತ್ತು ಎಂಬುದು ನನಗೆ ಆಗ ಗೊತ್ತಾಯಿತು. ಹಲಗೆ ನಿಂತಾಗ ಕೇಳುತ್ತಿದ್ದ ಗುಜುಗುಜು ನಿಂತುಹೋಗಿತ್ತು. ಈಗ ಹಲಗೆ ನಿಂತರೆ ಮಕ್ಕಳು ಒಬ್ಬರನ್ನೊಬ್ಬರು ವಾರೆಗಣ್ಣಿನಿಂದ ನೋಡುತ್ತಿದ್ದರು.

ಹೊನ್ನಿ ಶಾಲೆಗೆ ಬರುವುದನ್ನು ಬಿಟ್ಟಳು. ಮೊದಲು ಜ್ವರ ಅಂದರು. ಆಮೇಲೆ ಏನೂ ಅನ್ನಲಿಲ್ಲ.

ನಾನು ಭಟ್ಟಿಗೆ ಹೋದೆ. ಕಾದ ಉಸುಕಿನಲ್ಲಿ ಅಕ್ಕಿ ಚಟಪಟ ಹಾರುತ್ತಿತ್ತು, ಹೊಗೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಪುಟ್ಟತಾಯಮ್ಮ ಜರಡಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಚೀಲ ಮಡಿಸಿ ಹಾಕಿ ಕೂರಿಸಿದಳು. ಒಂದು ಪೊಟ್ಟಣ ಬಿಸಿ ಮಂಡಕ್ಕಿಯನ್ನೂ ಕೈಗಿಟ್ಟಳು. ಜಗಳಕ್ಕೆ ನಿಂತಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

‘ಅವಳಿಗೆ ವಿದ್ಯೆ ಹತ್ತಲ್ಲ ಅಂತ ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು ಸಾರ್’ ಅಂದಳು. ‘ಆದ್ರೂ ಹೋಗ್ತಿದ್ಲು. ನಗ್ತಾ ಹೋಗ್ತಿದ್ಲು. ಯಾರಿಗ್ ಗೊತ್ತಿಲ್ಲ ಅಂತ ಯಾರ್ಗೂ ಗೊತ್ತಿರ್ಲಿಲ್ವಲ್ಲ. ಈಗ ಬೀದೀಲಿ ಮಕ್ಳು ಹೊರಬೆಂಚು ಅಂತ ಕೂಗ್ತಾವೆ. ಮುಂದಿನ ತಿಂಗ್ಳಿಂದ ಇಲ್ಲೇ ಚೀಲ ಹೊಲಿಯೋಕೆ ಹಾಕ್ತೀನಿ.’

ಹೊನ್ನಿ ಚೀಲಗಳ ರಾಶಿಯ ಹಿಂದೆ ಕೂತಿದ್ದಳು. ಶಾಲೆಯ ಟ್ಯಾಬ್ ಇನ್ನೂ ಅವಳ ಹತ್ತಿರವೇ ಇತ್ತು. ಅದರಲ್ಲಿ ಮುಂದಿನ ಪಾಠದ ವಿಡಿಯೊ ಓಡುತ್ತಿತ್ತು: ಒಂದು ತೊಟ್ಟಿ, ತಳದಲ್ಲಿ ತೂತು, ನೀರು ಸೋರುತ್ತಿದೆ. ಅವಳು ಬೆರಳಿನಿಂದ ವಿಡಿಯೊವನ್ನು ಹಿಂದಕ್ಕೆ ಎಳೆಯುತ್ತಿದ್ದಳು. ಸೋರಿದ ನೀರೆಲ್ಲ ಮೇಲೆದ್ದು ತೂತಿನೊಳಗೆ ನುಗ್ಗಿ ತೊಟ್ಟಿ ತುಂಬುತ್ತಿತ್ತು. ಮತ್ತೆ ಬಿಡುತ್ತಿದ್ದಳು, ಮತ್ತೆ ಎಳೆಯುತ್ತಿದ್ದಳು.

‘ಆಟ ಆಡ್ತಿದೀಯಾ?’ ಅಂದೆ. ಅವಳು ತಟ್ಟನೆ ಟ್ಯಾಬ್ ಮುಚ್ಚಿದಳು.

‘ನಾಡಿದ್ದು ಶಾಲೆಗೆ ಬಾ ಹೊನ್ನಿ. ಕೋಟೆ ಶಾಲೆ ಟೀಚರ್ ನಮ್ಮ ಪಾಠ ನೋಡೋಕೆ ಬರ್ತಾರೆ. ನೀನು ಒಳಗೇ ಕೂರ್ಬೇಕು.’

‘ನಾನು ಬಂದ್ರೆ ಹಲಗೆ ನಿಲ್ಲುತ್ತೆ ಸಾರ್.’

‘ನಿಲ್ಲಲಿ.’

ಅವಳು ಅಮ್ಮನನ್ನು ನೋಡಿದಳು. ಪುಟ್ಟತಾಯಮ್ಮ ಜರಡಿ ಎತ್ತಿಕೊಂಡು ಎರಡು ಸಲ ಮಂಡಕ್ಕಿ ಜಾಲಿಸಿದಳು. ಕೊನೆಗೆ, ‘ಒಂದ್ಸಲ ಕಳಿಸ್ತೀನಿ ಸಾರ್. ಅವತ್ತೂ ನನ್ ಮಗೂನ ಹೊರಗ್ ಹಾಕಿದ್ರೆ ಮಾತ್ರ ಮತ್ತೆ ಕೇಳ್ಬೇಡಿ’ ಅಂದಳು. ನಾನು ಆಗಲಿ ಅಂದೆ. ಮಂಡಕ್ಕಿ ಪೊಟ್ಟಣ ಬಿಚ್ಚದೆಯೇ ಮನೆಗೆ ಬಂದೆ. ಆ ಹುಡುಗಿ ಓದುವುದು, ಚೀಲ ಹೊಲಿಯುವುದು, ಎರಡೂ ಆ ಒಂದು ದಿನದ ಮೇಲೆ ನಿಂತಿದ್ದವು.

ಜುಲೇಖಾ ಟೀಚರ್ ಬರುವ ಮೊದಲೇ ಫೋನ್ ಮಾಡಿ ತಮಗೆ ಯಾವ ಪಾಠ ನೋಡಬೇಕೆಂದು ಹೇಳಿದ್ದರು. ಮೈನಸ್ ಸಂಖ್ಯೆಯನ್ನು ಮೈನಸ್ ಸಂಖ್ಯೆಯಿಂದ ಗುಣಿಸುವ ಪಾಠ. ಏಳನೇ ತರಗತಿಯಲ್ಲಿ ಅದಕ್ಕಿಂತ ಹಟಮಾರಿ ಲೆಕ್ಕ ಇಲ್ಲ. ಹಿಂದೆಲ್ಲ ಪ್ರತಿವರ್ಷ ಅದಕ್ಕೇ ಒಂದು ವಾರ ಹಲಗೆ ನಿಲ್ಲುತ್ತಿತ್ತು. ಬಂದವರಿಗೆ ತೋರಿಸಲು ಯಾರಾದರೂ ಆರಿಸಿಕೊಳ್ಳುವ ಪಾಠವೇ ಅದು ಎಂದು ನನಗೆ ಆಶ್ಚರ್ಯವಾಗಿತ್ತು. ರುದ್ರಮುನಿಯವರಂತೂ, ‘ಹೊರಬೆಂಚು ಸರಿಯಾಗಿ ನೋಡ್ಕೊಳ್ಳಿ ಮೇಷ್ಟ್ರೆ, ಅವತ್ತು ಹಲಗೆ ನಿಲ್ಲಬಾರದು’ ಎಂದು ಮತ್ತೆ ಮತ್ತೆ ಹೇಳಿದ್ದರು.

ಆ ದಿನ ಬೆಳಿಗ್ಗೆ ನಾನು ಹೊರಬೆಂಚಿನವರನ್ನೆಲ್ಲ ಒಳಗೆ ಕರೆದೆ. ಹೊನ್ನಿ ಬಂದಿದ್ದಳು, ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದಿದ್ದರು. ತನ್ನ ಹಳೆಯ ಜಾಗದಲ್ಲಿ, ಮೂರನೆಯ ಸಾಲಿನಲ್ಲಿ, ಟ್ಯಾಬ್ ಅಪ್ಪಿಕೊಂಡು ಕೂತಳು. ಜುಲೇಖಾ ಟೀಚರ್ ಹಿಂದಿನ ಗೋಡೆಯ ಪಕ್ಕ ಕುರ್ಚಿಯಲ್ಲಿ ಕೂತರು. ರುದ್ರಮುನಿಯವರು ಎಂದಿನಂತೆ ಹೊಸ್ತಿಲಾಚೆ ನಿಂತರು. ಖಾಲಿ ಬೆಂಚನ್ನೂ ಒಳಗಿನ ಹೊನ್ನಿಯನ್ನೂ ನೋಡಿ ಅವರ ಮುಖ ಹುಳ್ಳಗಾಯಿತು. ಟೀಚರ್ ಎದುರಿಗಿದ್ದರೆಂದು ಕೈಕಟ್ಟಿಕೊಂಡು ನಿಂತರು.

ಸ್ಕ್ರೀನ್ ತನ್ನ ಪಾಠ ಹೇಳಿತು. ತೊಟ್ಟಿ ಬಂತು, ನೀರು ಸೋರಿತು, ಮೂರು ನಿಮಿಷಕ್ಕೆ ಎಷ್ಟು ಕಡಿಮೆಯಾಯಿತು ಎಂದು ತೋರಿಸಿತು. ಮೈನಸ್ಸಿಗೆ ಮೈನಸ್ ಬಂದಾಗ ಮಾತ್ರ ಚಿತ್ರ ಮಾಯವಾಗಿ, ‘ಉತ್ತರ ಪ್ಲಸ್ ಆಗುತ್ತದೆ ಎಂದು ನೆನಪಿಡಿ’ ಎಂದು ದಪ್ಪಕ್ಷರ ಬಂತು. ನಾನು ಸ್ಕ್ರೀನ್ ಆರಿಸಿದೆ. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಹಳೆಯ ಕಾಲದ ಹಾಗೆ ನಡೆಸಿದೆ. ಬೆನ್ನು ಹಾಕಿ ನಿಲ್ಲುವುದು ಒಂದು ಮೈನಸ್, ಹಿಂದಕ್ಕೆ ಹೆಜ್ಜೆ ಇಡುವುದು ಇನ್ನೊಂದು ಮೈನಸ್. ಬೆನ್ನು ಹಾಕಿ ನಿಂತು ಹಿಂದಕ್ಕೆ ಹೆಜ್ಜೆ ಇಟ್ಟರೆ ಎಲ್ಲಿಗೆ ಹೋಗುತ್ತೀರಿ? ಮುಂದಕ್ಕೇ! ಮಕ್ಕಳು ಬೇಲಿಗೆ ಗುದ್ದಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಬಹಳ ದಿನಗಳ ಮೇಲೆ ಆ ನಗು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಜುಲೇಖಾ ಟೀಚರ್ ವರಾಂಡದ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು.

ಒಳಗೆ ಬಂದು ಹಲಗೆಯ ಮೇಲೆ ಬರೆದೆ: ಮೈನಸ್ ಎರಡನ್ನು ಮೈನಸ್ ಮೂರರಿಂದ ಗುಣಿಸಿದರೆ ಪ್ಲಸ್ ಆರು. ಡಸ್ಟರ್ ಎಳೆದೆ. ನಿಂತಿತ್ತು.

ಮತ್ತೆ ಒತ್ತಿ ಎಳೆದೆ. ಒಂದು ಚೂರೂ ಮಾಸಲಿಲ್ಲ. ಹಿಂದೆ ಆಗಿದ್ದರೆ ಗುಜುಗುಜು ಶುರುವಾಗಬೇಕಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ಒಂದೊಂದಾಗಿ ಎಲ್ಲ ತಲೆಗಳೂ ಮೂರನೆಯ ಸಾಲಿನ ಕಡೆ ತಿರುಗಿದವು. ಹೊಸ್ತಿಲಾಚೆಯಿಂದ ರುದ್ರಮುನಿಯವರು ಗಂಟಲು ಸರಿಮಾಡಿಕೊಂಡು, ‘ಮೇಷ್ಟ್ರೆ, ಬೆಂಚು ಖಾಲಿ ಇದೆ’ ಅಂದರು.

‘ಇರ್ಲಿ ಸಾರ್. ಇನ್ನೊಂದ್ ಸಲ ಹೇಳ್ತೀನಿ’ ಅಂದೆ.  ಹುಣಸೆಬೀಜದ ಡಬ್ಬಿಗಾಗಿ ಕಪಾಟು ತೆರೆಯುತ್ತಿದ್ದೆ, ಹಿಂದಿನಿಂದ ಬೆಂಚು ಸರಿದ ಸದ್ದಾಯಿತು. ಹೊನ್ನಿ ಎದ್ದು ನಿಂತಿದ್ದಳು.

‘ಕೂತ್ಕೊ ಹೊನ್ನಿ.’

‘ನಂಗೆ ಗೊತ್ತಾಗಿದೆ ಸಾರ್’ ಅಂದಳು.  ‘ನಿಜವಾಗ್ಲೂ ಗೊತ್ತಾಗಿದೆ. ಹೇಳಿದ್ರೆ ಯಾರೂ ನಂಬಲ್ಲ. ನಾನೇ ಹೊರಗೆ ಹೋಗ್ತೀನಿ, ನೀವು ಅಳಿಸಿ ನೋಡಿ.’

ನಾನು ಬೇಡ ಅನ್ನುವಷ್ಟರಲ್ಲಿ ಅವಳು ಬಾಗಿಲು ದಾಟಿ ವರಾಂಡದಲ್ಲಿ ನಿಂತಳು. ಅಂದಿನ ಹಾಗೆ ಲಂಗದ ಅಂಚು ಹಿಡಿಯಲಿಲ್ಲ, ಟ್ಯಾಬನ್ನು ಎದೆಗೊತ್ತಿಕೊಂಡು ನೆಟ್ಟಗೆ ನಿಂತು ನನ್ನ ಕೈಯನ್ನೇ ನೋಡಿದಳು. ನನಗೆ ಡಸ್ಟರ್ ಎತ್ತಲು ಭಯವಾಯಿತು. ಅಳಿದರೆ ಈ ಮಗು ಇನ್ನೆಂದೂ ಈ ಹೊಸ್ತಿಲು ತುಳಿಯುವುದಿಲ್ಲ. ಆದರೆ ಅವಳು ಕಾಯುತ್ತಿದ್ದಳು. ಎಳೆದೆ.

ಅಳಿಯಲಿಲ್ಲ.

ಮಕ್ಕಳೆಲ್ಲ ಒಟ್ಟಿಗೆ ಉಸಿರು ಬಿಟ್ಟಿದ್ದು ಕೇಳಿಸಿತು. ಮೂರನೆಯ ಸಾಲಿನಲ್ಲಿ ಹೊನ್ನಿಯ ಪಕ್ಕ ಕೂರುತ್ತಿದ್ದವಳು ಎದ್ದು ಹೊರಗೆ ಹೋಗಿ ಅವಳ ಜೊತೆ ನಿಂತಳು. ಹೊರಬೆಂಚಿನ ಇನ್ನಿಬ್ಬರು ಎದ್ದರು. ಆಮೇಲೆ ಮೊದಲ ಸಾಲು, ಅದರ ಹಿಂದಿನ ಸಾಲು. ನಾನು ಯಾರಿಗೂ ಹೇಳಿರಲಿಲ್ಲ. ಒಬ್ಬರೂ ನಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಇಡೀ ತರಗತಿ ವರಾಂಡದಲ್ಲಿ ನಿಂತು ಕಿಟಕಿಯಿಂದ, ಬಾಗಿಲಿನಿಂದ ಒಳಗೆ ನೋಡುತ್ತಿತ್ತು. ಕೋಣೆಯಲ್ಲಿ ಉಳಿದವರು ನಾನು, ಹಿಂದಿನ ಕುರ್ಚಿಯಲ್ಲಿ ಜುಲೇಖಾ ಟೀಚರ್. ನಾನು ಇನ್ನೊಮ್ಮೆ ಡಸ್ಟರ್ ಎಳೆದೆ. ಸುಣ್ಣದ ಒಂದು ಕಣವೂ ಉದುರಲಿಲ್ಲ.

ಒಂದು ಕ್ಷಣ ನನಗೆ ನನ್ನ ಮೇಲೇ ಅನುಮಾನವಾಯಿತು. ಇಷ್ಟು ವರ್ಷ ಹೇಳಿದ ಲೆಕ್ಕ ನನಗೇ ಗೊತ್ತಿಲ್ಲವೇ? ಹಲಗೆ ಮೇಷ್ಟ್ರುಗಳನ್ನೂ ನೋಡುತ್ತದೆ ಎಂದು ಈ ಊರಿನಲ್ಲಿ ಯಾರೂ ಎಂದೂ ಯೋಚಿಸಿರಲಿಲ್ಲ. ಬರೆದವನಿಗೆ ಗೊತ್ತಿರಲೇಬೇಕಲ್ಲ ಎಂದು ಬಿಟ್ಟಿದ್ದೆವು. ನಾನು ಬರೆದ ಲೆಕ್ಕವನ್ನೇ ಮತ್ತೊಮ್ಮೆ ಓದಿಕೊಂಡೆ.

‘ನೀವಲ್ಲ ಮೇಷ್ಟ್ರೆ’ ಅಂದರು ಜುಲೇಖಾ ಟೀಚರ್. ಎದ್ದು ನಿಂತರು. ಬಾಯಿಯಲ್ಲಿದ್ದ ಏಲಕ್ಕಿಯನ್ನು ಕರವಸ್ತ್ರಕ್ಕೆ ತೆಗೆದು ಮಡಿಸಿದರು. ಹೊರಗೆ ಮಕ್ಕಳು ಕೇಳಿಸಿಕೊಳ್ಳುತ್ತಿದ್ದಾರೆಂದು ಅವರಿಗೆ ಗೊತ್ತಿತ್ತು, ಆದರೂ ಧ್ವನಿ ತಗ್ಗಿಸಲಿಲ್ಲ.

‘ಹೋದ ವರ್ಷ ಸ್ಕ್ರೀನಿನಲ್ಲಿ ಈ ಪಾಠ ಹಾಕಿ, ನಮ್ಮ ಹಲಗೆ ಮೇಲೂ ಇದೇ ಲೆಕ್ಕ ಬರೆದೆ. ನಿಂತ್ಕೊಳ್ತು. ಒಂದು ಸಾಲು ಹೊರಗೆ ಕಳಿಸ್ದೆ. ಇನ್ನೊಂದು ಕಳಿಸ್ದೆ. ಬೆಂಚಿನಲ್ಲಿ ಜಾಗ ಸಾಲದೆ ಮಕ್ಕಳು ನೆಲದ ಮೇಲೆ ಕೂತ್ರು. ಕೊನೆಗೆ ಕೋಣೇಲಿ ನಾನೊಬ್ಬಳೇ ಉಳಿದೆ. ಆಗ್ಲೂ ಅಳೀಲಿಲ್ಲ.’ ಕರವಸ್ತ್ರವನ್ನು ಇನ್ನೊಂದು ಸಲ ಮಡಿಸಿದರು. ‘ಮಾರನೇ ದಿನ ಸ್ಕ್ರೀನನ್ನ ಪಕ್ಕದ ಗೋಡೆಯಿಂದ ತೆಗೆಸಿ ಆ ಲೆಕ್ಕದ ಮೇಲೇ ಹಾಕಿಸ್ಬಿಟ್ಟೆ. ಇನ್ನೂ ಹಾಗೇ ಇದೆ, ಕೆಳಗೆ.’

ಸ್ಕ್ರೀನಿನ ಅಂಚಿನಿಂದ ಇಣುಕುತ್ತಿದ್ದ ಆ ಗೆರೆಗಳು ನನಗೆ ನೆನಪಾದವು.

‘ನೀವು ನಡೆಸಿದ್ದನ್ನ ನೋಡಿದೆ ಮೇಷ್ಟ್ರೆ. ಮಕ್ಕಳಿಗೆಲ್ಲ ತಿಳೀತು. ನನ್ನ ತಲೆಗೆ ಮಾತ್ರ ಹತ್ತಲಿಲ್ಲ. ಬೆನ್ನು ಹಾಕಿದ್ರೆ ಹಾಕಿದ್ರು, ಹಿಂದೆ ಹೋದ್ರೆ ಹೋದ್ರು, ಅದಕ್ಕೂ ಈ ಲೆಕ್ಕಕ್ಕೂ ಏನು?’ ಅವರ ಕಣ್ಣು ತುಂಬಿತ್ತು. ‘ಅವತ್ತು ಹೊರಗೆ ಹೋದ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ನಂಗೆ ಗೊತ್ತಿಲ್ಲ. ಕೆಲವರು ಆಮೇಲೆ ಒಳಗೆ ಬರಲೇ ಇಲ್ಲ.’

 ರುದ್ರಮುನಿಯವರು ಹೊಸ್ತಿಲಾಚೆ ನೆಲ ನೋಡುತ್ತಿದ್ದರು. ಆಗ ಹೊನ್ನಿ ಒಳಗೆ ಬಂದಳು. ಯಾರೂ ಕರೆದಿರಲಿಲ್ಲ. ನೆಟ್ಟಗೆ ಟೀಚರ್ ಹತ್ತಿರ ಹೋಗಿ, ಟ್ಯಾಬ್ ತೆರೆದು, ಪಕ್ಕದ ಬೆಂಚನ್ನು ತೋರಿಸಿ, ‘ಕೂತ್ಕೊಳ್ಳಿ ಟೀಚರ್’ ಅಂದಳು. ಅವರು ಕೂತರು.

‘ತೊಟ್ಟಿ ಸೋರ್ತಿದೆ ನೋಡಿ. ನಿಮಿಷಕ್ಕೆ ಎರಡು ಲೀಟರ್ ಕಮ್ಮಿ. ಅದು ಮೈನಸ್ ಎರಡು. ಸರಿನಾ?’

‘ಸರಿ.’

‘ಈಗ ಮೂರು ನಿಮಿಷ ಹಿಂದಕ್ಕೆ ಹೋಗೋಣ. ಹಿಂದಕ್ಕೆ ಹೋಗೋದು ಮೈನಸ್ ಮೂರು.’ ಅವಳು ಬೆರಳಿನಿಂದ ಎಳೆದಳು. ಸೋರಿದ ನೀರು ಮೇಲೆದ್ದು ತೂತಿನೊಳಗೆ ಹೋಯಿತು, ತೊಟ್ಟಿ ತುಂಬುತ್ತಾ ಬಂತು. ‘ಆಗ ಈಗಿರೋದಕ್ಕಿಂತ ಎಷ್ಟು ಜಾಸ್ತಿ ನೀರಿತ್ತು?’

ಟೀಚರ್ ನೋಡುತ್ತಲೇ ಇದ್ದರು. ‘ಇನ್ನೊಂದ್ಸಲ’ ಅಂದರು.

ಹೊನ್ನಿ ಮತ್ತೆ ನೀರು ಸೋರಲು ಬಿಟ್ಟಳು, ಮತ್ತೆ ಎಳೆದಳು. ಹೊರಗಿನಿಂದ ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬಂದು ಸುತ್ತ ನೆರೆದರು. ‘ಇನ್ನೊಂದ್ಸಲ’ ಅಂದರು ಟೀಚರ್. ಮೂರನೆಯ ಸಲವೂ ಅವಳು ಅಷ್ಟೇ ನಿಧಾನವಾಗಿ, ಮೊದಲ ಸಲ ಹೇಳುವ ಹಾಗೆಯೇ ಹೇಳಿದಳು. ಹೊರಬೆಂಚಿನಲ್ಲಿ ಒಂಟಿಯಾಗಿ ಕೂತು, ಭಟ್ಟಿಯ ಚೀಲಗಳ ಹಿಂದೆ ಕೂತು, ಅವಳು ಅದನ್ನು ಎಷ್ಟು ಸಲ ಎಳೆದಿದ್ದಳೋ. ನಾನು ಅದನ್ನು ಆಟ ಅಂದಿದ್ದೆ.

‘ಆರು’ ಅಂದರು ಜುಲೇಖಾ ಟೀಚರ್. ‘ಆರು ಲೀಟರ್ ಜಾಸ್ತಿ ಇತ್ತು.’ ಆಮೇಲೆ ತಮಗೇ ಎಂಬಂತೆ, ‘ಹಿಂದಕ್ಕೆ ಹೋದ್ರೆ ಜಾಸ್ತಿ ಇರಲೇಬೇಕಲ್ಲ’ ಅಂದರು.

ನಾನು ಡಸ್ಟರನ್ನು ಅವರ ಕೈಗೆ ಕೊಟ್ಟೆ. ಅವರು ಹಲಗೆಯ ಎದುರು ಹೋಗಿ ಒಮ್ಮೆ ಎಳೆದರು. ಲೆಕ್ಕ ಹೋಯಿತು. ಸುಣ್ಣದ ಪುಡಿ ಅವರ ಸೀರೆಯ ಮೇಲೆ ಬಿತ್ತು, ಅವರು ಅದನ್ನು ಕೊಡವಿಕೊಳ್ಳಲಿಲ್ಲ. ಹೊರಡುವಾಗ ಹೊನ್ನಿಯ ತಲೆ ಸವರಿ, ‘ನಮ್ಮ ಶಾಲೆಗೆ ಒಂದು ದಿನ ಬರ್ತೀಯಾ? ನಮ್ಮ ಹೊರಬೆಂಚಿನವರಿಗೂ ಇದನ್ನ ತೋರಿಸ್ಬೇಕು. ಹೊರಗಲ್ಲ, ಒಳಗೆ’ ಅಂದರು. ಮುಂದಿನ ಸೋಮವಾರ ಕೋಟೆ ಶಾಲೆಯಲ್ಲಿ ಸ್ಕ್ರೀನನ್ನು ಪಕ್ಕದ ಗೋಡೆಗೆ ಸರಿಸಿದರೆಂದೂ, ಅದರ ಅಡಿಯಲ್ಲಿದ್ದ ಹಳೆಯ ಲೆಕ್ಕವನ್ನು ಟೀಚರ್ ಎಲ್ಲ ಮಕ್ಕಳನ್ನೂ ಒಳಗೆ ಕೂರಿಸಿಕೊಂಡು ಅಳಿಸಿದರೆಂದೂ ಕೇಳಿದೆ.

ನಮ್ಮ ಹೊರಬೆಂಚನ್ನು ಮಕ್ಕಳೇ ಹೊತ್ತು ತಂದು ತರಗತಿಯ ಹಿಂದೆ ಇಟ್ಟರು. ಟ್ಯಾಬುಗಳು ಈಗ ಎಲ್ಲರ ನಡುವೆ ಕೈಯಿಂದ ಕೈಗೆ ಹೋಗುತ್ತವೆ. ಮಂಡಕ್ಕಿ ಭಟ್ಟಿಯಿಂದ ಪುಟ್ಟತಾಯಮ್ಮ ಒಂದು ಚೀಲ ಮಂಡಕ್ಕಿ ಕಳಿಸಿದ್ದಳು, ಇಡೀ ಶಾಲೆ ತಿಂದಿತು. ನಾನು ಈಗಲೂ ಮುಂಗೋಪಿಯೇ. ಪಾಠ ಈ ವರ್ಷವೂ ಮುಗಿಯಲಿಲ್ಲ.

ಒಂದು ಬೆಳಿಗ್ಗೆ ನಾನು ಭಿನ್ನರಾಶಿ ಬರೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ‘ಎಲ್ಲಿಗೆ ಬಂತು ಮೇಷ್ಟ್ರೆ’ ಎಂಬ ಮಾತು ಬರಲಿಲ್ಲ. ರುದ್ರಮುನಿಯವರು ಚಪ್ಪಲಿ ಕಳಚಿ, ಹೊಸ್ತಿಲು ದಾಟಿ, ಯಾರ ಮುಖವನ್ನೂ ನೋಡದೆ ಹಿಂದಿನ ಆ ಬೆಂಚಿನ ತುದಿಯಲ್ಲಿ ಕೂತರು. ನಾನು ಹುಣಸೆಬೀಜದಲ್ಲಿ ಹೇಳಿದೆ, ಹಗ್ಗದಲ್ಲಿ ಹೇಳಿದೆ. ಡಸ್ಟರ್ ಎಳೆದೆ. ಹಲಗೆ ನಿಂತಿತ್ತು. ಮಕ್ಕಳು ಒಬ್ಬರೂ ಹಿಂದೆ ತಿರುಗಿ ನೋಡಲಿಲ್ಲ. ಪಕ್ಕದವರ ಕಡೆ ವಾಲಿ ಪಿಸುಗುಟ್ಟಲು ತೊಡಗಿದರು. ಹೊನ್ನಿ ಟ್ಯಾಬ್ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿ, ಸ್ವಲ್ಪ ಜಾಗ ಬಿಡಿಸಿಕೊಂಡು ಕೂತಳು.